ಸವೆದಷ್ಟೂ ಮೇಲೇಳುವ ಬೆಟ್ಟ

ಹಿಮಾಲಯ ಪರ್ವತ ವರ್ಷ ವರ್ಷವೂ ಬೆಳೆಯುತ್ತಿದೆ ಎಂದು ಭೂಗೋಳದ ಒಂದು ಪಾಠ ಹೇಳುತ್ತದೆ. ಮಳೆ, ಗಾಳಿ, ಹೊಳೆ, ಹಿಮನದಿಗಳು ಬೆಟ್ಟಗಳನ್ನು ಸವೆಸುತ್ತವೆ ಎಂದು ಅದೇ ಪುಸ್ತಕದ ಇನ್ನೊಂದು ಪಾಠ ಹೇಳುತ್ತದೆ. ಎರಡೂ ಪಾಠಗಳ ಕೊನೆಯಲ್ಲಿ ಪ್ರಶ್ನೆಗಳಿರುತ್ತವೆ. ಆದರೆ ಎರಡನ್ನೂ ಒಟ್ಟಿಗಿಟ್ಟು ಕೇಳುವ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾದರೆ ಗೆಲ್ಲುವುದು ಯಾವುದು, ಬೆಳವಣಿಗೆಯೋ ಸವೆತವೋ? ತರಗತಿಯಲ್ಲಿ ಯಾರಾದರೂ ಎದ್ದು ನಿಂತು ಹೀಗೆ ಕೇಳಿದರೆ ಗದರಿಸಿ ಕೂರಿಸುವುದು ತರವಲ್ಲ. ನೂರೈವತ್ತು ವರ್ಷಗಳಿಗೂ ಮಿಕ್ಕಿ ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ. ಅವರಿಗೆ ಸಿಕ್ಕ ಉತ್ತರವೂ ವಿಚಿತ್ರವಾದದ್ದು. ಸವೆತವೇ ಬೆಟ್ಟವನ್ನು ಮೇಲೆತ್ತುವ ಕೆಲಸದಲ್ಲಿ ಪಾಲುದಾರ!

ಮೊದಲಿಗೆ ಬೆಳವಣಿಗೆಯ ಕಥೆ. ಇದು ಹಲವರಿಗೆ ಗೊತ್ತಿರುವಂಥದೇ. ಎವರೆಸ್ಟ್ ಶಿಖರದ ತುತ್ತತುದಿಯಲ್ಲಿ ಇರುವುದು ಸುಣ್ಣಕಲ್ಲು. ಸುಮಾರು 45 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರುಪದರಾಗಿ ಕೂತದ್ದು. ಟ್ರೈಲೊಬೈಟ್ ಎಂಬ ಜಲಚರಗಳ ಚೂರುಗಳು ಅದರೊಳಗೆ ಸಿಕ್ಕಿವೆ. ಕಡಲ ತಳ 8848.86 ಮೀಟರ್ ಎತ್ತರಕ್ಕೆ ಏರಲು ಕಾರಣ ಡಿಕ್ಕಿ. ದಕ್ಷಿಣ ಗೋಲಾರ್ಧದಿಂದ ಹೊರಟ ಭಾರತದ ಭೂಫಲಕ, ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚು ವೇಗದಲ್ಲಿ ಉತ್ತರಕ್ಕೆ ಸಾಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿತು. ನಡುವೆ ಇದ್ದ ಟೆಥಿಸ್ ಸಮುದ್ರ ಮುಚ್ಚಿಹೋಯಿತು. ಅದರ ತಳದ ಕೆಸರು, ಖಂಡದ ಅಂಚಿನ ಬಂಡೆ ಎಲ್ಲವೂ ಮಡಿಚಿ, ಮುರಿದು, ಒಂದರ ಮೇಲೊಂದು ಹತ್ತಿ ಕೂತವು. ಗುದ್ದಾಟ ಇಂದಿಗೂ ನಿಂತಿಲ್ಲ. ಈಗಲೂ ಭಾರತ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿದೆ. ಅದರಲ್ಲಿ ಸುಮಾರು 2 ಸೆಂಟಿಮೀಟರಿನಷ್ಟನ್ನು ಹಿಮಾಲಯವೇ ತಡೆದುಕೊಳ್ಳುತ್ತದೆ. ಕೈಬೆರಳ ಉಗುರು ಬೆಳೆಯುವ ವೇಗವೂ ಹೆಚ್ಚುಕಡಿಮೆ ಇಷ್ಟೇ.

ಇಲ್ಲಿ ವಯಸ್ಸಿನ ಒಂದು ಹೋಲಿಕೆ ಹೇಳಲೇಬೇಕು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಕರ್ನಾಟಕದ ಎಷ್ಟೋ ಮನೆಗಳ ಹಿತ್ತಿಲಲ್ಲಿ ಕೆಲಸವಿಲ್ಲದೆ ಮೂಲೆ ಸೇರಿರುವ ರುಬ್ಬುವ ಕಲ್ಲು ಕೂಡ ಅದೇ ಜಾತಿಯ ಬಂಡೆಯಿಂದ ಕಡಿದದ್ದಾದರೆ, ಅದು ಹಿಮಾಲಯಕ್ಕಿಂತ ಐವತ್ತು ಅರುವತ್ತು ಪಟ್ಟು ಹಳೆಯದು! ಬೆಟ್ಟವಾಗಿ ನೋಡಿದರೆ ಹಿಮಾಲಯ ಇನ್ನೂ ಕೂಸು.

ಈಗ ಒಂದು ಲೆಕ್ಕ. ಉನ್ನತ ಹಿಮಾಲಯದ ಹಲವು ಭಾಗಗಳಲ್ಲಿ ನೆಲ ವರ್ಷಕ್ಕೆ ಕೆಲವು ಮಿಲಿಮೀಟರ್ ಏರುತ್ತಿದೆ. 5 ಮಿಲಿಮೀಟರ್ ಎಂದೇ ಇಟ್ಟುಕೊಳ್ಳೋಣ. ಹತ್ತು ಲಕ್ಷ ವರ್ಷಗಳಲ್ಲಿ ಎಷ್ಟಾಯಿತು? 5000 ಮೀಟರ್. ಒಂದು ಕೋಟಿ ವರ್ಷಕ್ಕೆ 50 ಕಿಲೋಮೀಟರ್! ಅಷ್ಟೆತ್ತರದ ಬೆಟ್ಟ ಭೂಮಿಯ ಮೇಲೆಲ್ಲೂ ಇಲ್ಲ. ಅಂದಮೇಲೆ ಏರಿದ್ದೆಲ್ಲ ಉಳಿದಿಲ್ಲ ಎಂದಾಯಿತು. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಗುತ್ತಿದೆ. ಎಲ್ಲಿಗೆ ಹೋಗುತ್ತಿದೆ ಎಂಬುದಕ್ಕೆ ಗಂಗೆ, ಬ್ರಹ್ಮಪುತ್ರ ನದಿಗಳ ನೀರಿನ ಬಣ್ಣವೇ ಸಾಕ್ಷಿ. ಈ ಎರಡು ನದಿಗಳು ಸೇರಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಮಣ್ಣು, ಮರಳು, ರೇವೆಯನ್ನು ಹೊತ್ತು ತರುತ್ತವೆ. ಒಂದು ಲಾರಿಗೆ 10 ಟನ್ ಎಂದರೂ ವರ್ಷಕ್ಕೆ ಹತ್ತು ಕೋಟಿ ಲಾರಿ ಲೋಡು. ಗಡಿಯಾರ ನೋಡಿಕೊಂಡು ಎಣಿಸಿದರೆ ಸೆಕೆಂಡಿಗೆ ಮೂರು ಲಾರಿ, ಹಗಲೂ ರಾತ್ರಿ, ವರ್ಷವಿಡೀ. ವಾಸ್ತವದಲ್ಲಿ ಇದರ ಬಹುಪಾಲು ಮಳೆಗಾಲದ ನಾಲ್ಕು ತಿಂಗಳಲ್ಲೇ ಹೋಗುತ್ತದೆ. ಹಾಗಾಗಿ ಜುಲೈ, ಆಗಸ್ಟಿನ ಲಾರಿ ಸಾಲು ಇನ್ನೂ ದಟ್ಟ.

ಇಷ್ಟೊಂದು ಕಳೆದುಕೊಂಡರೂ ಬೆಟ್ಟ ಏಕೆ ಕರಗಿಹೋಗಿಲ್ಲ? ಇದಕ್ಕೆ ಉತ್ತರ ಸಿಕ್ಕಿದ್ದು ಬೆಟ್ಟ ಹತ್ತಿದವರಿಂದಲ್ಲ, ಬಯಲಿನಲ್ಲಿ ಭೂಮಿ ಅಳೆಯುತ್ತಿದ್ದವರಿಂದ. ಅದೂ ಒಂದು ತಪ್ಪು ಲೆಕ್ಕದ ರೂಪದಲ್ಲಿ.

1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಒಂದು ಆಧಾರರೇಖೆಯನ್ನು ಅಳೆದು ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಶುರುಮಾಡಿದ. ಬೆಂಗಳೂರಿನ ಬಳಿಯೂ ಆತ ಇಂಥ ಆಧಾರರೇಖೆ ಅಳೆದದ್ದುಂಟು. ತ್ರಿಕೋನದ ಪಕ್ಕಕ್ಕೆ ತ್ರಿಕೋನ ಜೋಡಿಸುತ್ತ ದಕ್ಷಿಣದ ತುದಿಯಿಂದ ಹಿಮಾಲಯದ ಬುಡದವರೆಗೆ ಸಾಗಿದ ಕೆಲಸವದು. ಲ್ಯಾಂಬ್ಟನ್ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಅದನ್ನು ಮುಂದುವರಿಸಿದ. ಶಿಖರಕ್ಕೆ ಹೆಸರು ಬಂದದ್ದು ಇದೇ ಎವರೆಸ್ಟನಿಂದ.

ಈ ಸರ್ವೇಕ್ಷಣೆಯಲ್ಲಿ ಎರಡು ಠಾಣೆಗಳಿದ್ದವು. ಒಂದು ಮಧ್ಯ ಭಾರತದ ಕಲ್ಯಾಣಪುರ. ಇನ್ನೊಂದು ಅದಕ್ಕೆ ಸುಮಾರು 600 ಕಿಲೋಮೀಟರ್ ಉತ್ತರದಲ್ಲಿ, ಹಿಮಾಲಯಕ್ಕೆ ಹತ್ತಿರವಿದ್ದ ಕಲಿಯಾಣ. ಇವೆರಡರ ಅಕ್ಷಾಂಶದ ಅಂತರವನ್ನು ಎರಡು ವಿಧದಲ್ಲಿ ಕಂಡುಹಿಡಿದರು. ನೆಲದ ಮೇಲೆ ತ್ರಿಕೋನಗಳಿಂದ ಅಳೆದಾಗ ಒಂದು ಉತ್ತರ ಬಂತು. ನಕ್ಷತ್ರಗಳನ್ನು ನೋಡಿ ಲೆಕ್ಕ ಹಾಕಿದಾಗ ಬೇರೆ ಉತ್ತರ ಬಂತು. ವ್ಯತ್ಯಾಸ 5.236 ಸೆಕೆಂಡು. ಇದು ಗಡಿಯಾರದ ಸೆಕೆಂಡಲ್ಲ, ಒಂದು ಡಿಗ್ರಿಯ 3600ನೇ ಒಂದು ಭಾಗ. ನೆಲದ ಮೇಲೆ ಸುಮಾರು 160 ಮೀಟರ್. ಆರುನೂರು ಕಿಲೋಮೀಟರಿನಲ್ಲಿ 160 ಮೀಟರ್ ಎಷ್ಟು ಮಹಾ ಎಂದು ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಅಳತೆಯಲ್ಲಿ ಅಂಗುಲಕ್ಕೂ ಲೆಕ್ಕ ಇಡುತ್ತಿದ್ದ ಆ ಜನಕ್ಕೆ ಅದು ಸಣ್ಣದಾಗಿ ಕಾಣಲಿಲ್ಲ.

ಕಾರಣ ಹುಡುಕಿದವನು ಕಲ್ಕತ್ತೆಯಲ್ಲಿದ್ದ ಒಬ್ಬ ಪಾದ್ರಿ, ಜಾನ್ ಹೆನ್ರಿ ಪ್ರಾಟ್. ಕೇಂಬ್ರಿಜ್‌ನಲ್ಲಿ ಗಣಿತ ಓದಿದವನು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆ ಕೆಲಸದವರು ದಾರಕ್ಕೆ ಕಟ್ಟಿ ಇಳಿಬಿಡುವ ತೂಕದ ಗುಂಡು ಎಲ್ಲರಿಗೂ ಗೊತ್ತು. ನಕ್ಷತ್ರದ ಎತ್ತರ ಅಳೆಯುವ ಉಪಕರಣವನ್ನು ಮಟ್ಟ ಮಾಡುವುದಕ್ಕೂ ಅಂಥದೇ ಗುಂಡು ಬೇಕು. ಅದು ನೇರ ಭೂಮಿಯ ಕೇಂದ್ರದತ್ತ ತೂಗುತ್ತದೆ ಎಂದು ನಂಬಿಕೆ. ಆದರೆ ಪಕ್ಕದಲ್ಲೇ ಹಿಮಾಲಯದಂಥ ರಾಶಿ ಇದ್ದರೆ? ನ್ಯೂಟನ್ನನ ನಿಯಮದಂತೆ ಅದೂ ಗುಂಡನ್ನು ತನ್ನ ಕಡೆ ಎಳೆಯಬೇಕು. ಗುಂಡು ಕೂದಲೆಳೆಯಷ್ಟು ಓರೆಯಾದರೂ ನಕ್ಷತ್ರದ ಲೆಕ್ಕ ತಪ್ಪುತ್ತದೆ. ಸರಿ, ಕಾರಣ ಸಿಕ್ಕಿತು ಎಂದು ಪ್ರಾಟ್ ಪರ್ವತದ ಗಾತ್ರವನ್ನು ಅಂದಾಜು ಮಾಡಿ, ಅದು ಗುಂಡನ್ನು ಎಷ್ಟು ಎಳೆಯಬೇಕು ಎಂದು ಗುಣಿಸಿದ. ಬಂದ ಉತ್ತರ 15.885 ಸೆಕೆಂಡು. ಕಂಡಿದ್ದು ಐದು, ಇರಬೇಕಾದದ್ದು ಹದಿನಾರು! ಸುಮಾರು ಮೂರು ಪಟ್ಟು. ಹಿಮಾಲಯ ತನ್ನ ಗಾತ್ರಕ್ಕೆ ತಕ್ಕ ಬಲದಿಂದ ಎಳೆಯುತ್ತಿರಲಿಲ್ಲ.

ಬೆಟ್ಟದ ಒಳಗೇನಾದರೂ ಟೊಳ್ಳೇ? ಪ್ರಾಟನ ಲೇಖನ ಲಂಡನ್ನಿಗೆ ತಲುಪಿದ ಮೇಲೆ, 1855ರಲ್ಲಿ, ಅಲ್ಲಿನ ರಾಜ ಖಗೋಳಜ್ಞ ಜಾರ್ಜ್ ಏರಿ ಉತ್ತರ ಕೊಟ್ಟ. ಟೊಳ್ಳಲ್ಲ, ತೇಲುತ್ತಿದೆ ಎಂದ. ನೀರಿನಲ್ಲಿ ತೇಲುವ ಮರದ ದಿಮ್ಮಿಗಳಲ್ಲಿ ಯಾವುದು ಇತರ ದಿಮ್ಮಿಗಳಿಗಿಂತ ಹೆಚ್ಚು ಮೇಲೆ ಕಾಣುತ್ತದೋ ಅದು ಹೆಚ್ಚು ಆಳಕ್ಕೂ ಮುಳುಗಿರುತ್ತದೆ ಅಲ್ಲವೇ? ಹಾಗೆಯೇ ಎತ್ತರದ ಬೆಟ್ಟಕ್ಕೆ ಕೆಳಗೆ ಆಳವಾದ ಬೇರು ಇದೆ. ಹಗುರವಾದ ಬಂಡೆಯ ಆ ಬೇರು, ಅಲ್ಲಿ ಇರಬೇಕಾಗಿದ್ದ ಭಾರವಾದ ಬಂಡೆಯನ್ನು ಪಕ್ಕಕ್ಕೆ ಸರಿಸಿದೆ. ಮೇಲೆ ಹೆಚ್ಚಾದ ತೂಕ ಕೆಳಗೆ ಕಡಿಮೆಯಾಗಿದೆ. ಅದಕ್ಕೇ ಗುಂಡಿನ ಮೇಲಿನ ಎಳೆತ ಕಡಿಮೆ. ಸೊಗಸೆಂದರೆ ಏರಿ ಹಿಮಾಲಯವನ್ನು ನೋಡಿದವನಲ್ಲ. ಇಂದು ಭೂಕಂಪದ ಅಲೆಗಳಿಂದ ಅಳೆದಾಗ ಅವನ ಮಾತು ಬಹುಮಟ್ಟಿಗೆ ನಿಜವಾಗಿದೆ. ಸಾಮಾನ್ಯ ಭೂಖಂಡದ ತೊಗಟೆ 35ರಿಂದ 40 ಕಿಲೋಮೀಟರ್ ದಪ್ಪ. ಟಿಬೆಟ್ ಮತ್ತು ಉನ್ನತ ಹಿಮಾಲಯದ ಕೆಳಗೆ ಅದು ಸುಮಾರು 70 ಕಿಲೋಮೀಟರ್. ಈ ತೇಲುವ ಸಮತೂಕಕ್ಕೆ ಐಸೊಸ್ಟಸಿ ಎಂದು ಆಮೇಲೆ ಹೆಸರಿಟ್ಟರು.

ಇಲ್ಲಿ ಒಂದು ಎಚ್ಚರಿಕೆ. ತೊಗಟೆಯ ಕೆಳಗಿನ ಮ್ಯಾಂಟಲ್ ಎಂದರೆ ಕೊತಕೊತ ಕುದಿಯುವ ಲಾವಾ ಸಮುದ್ರ ಎಂದು ಎಷ್ಟೋ ಚಿತ್ರಗಳಲ್ಲಿ ಕೆಂಪು ಬಣ್ಣ ಬಳಿದು ತೋರಿಸುತ್ತಾರೆ. ಅದು ಸರಿಯಲ್ಲ. ಮ್ಯಾಂಟಲ್ ಬಹುಪಾಲು ಗಟ್ಟಿ ಬಂಡೆಯೇ. ಆದರೆ ಸಾವಿರಾರು ವರ್ಷ ಒತ್ತಡ ಬಿದ್ದರೆ ಅದು ಬಹು ನಿಧಾನವಾಗಿ ಹರಿಯುತ್ತದೆ. ಇದಕ್ಕೆ ಸ್ವೀಡನ್ ದೇಶವೇ ಕಣ್ಣಮುಂದಿನ ಪುರಾವೆ. ಹಿಮಯುಗದಲ್ಲಿ ಅಲ್ಲಿನ ನೆಲವನ್ನು ಕಿಲೋಮೀಟರ್‌ಗಟ್ಟಲೆ ದಪ್ಪದ ಹಿಮ ಅದುಮಿತ್ತು. ಹಿಮ ಕರಗಿ ಸುಮಾರು ಹತ್ತು ಸಾವಿರ ವರ್ಷಗಳಾದರೂ ಉತ್ತರ ಸ್ವೀಡನ್ನಿನ ಕರಾವಳಿ ಇನ್ನೂ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಮೇಲೇಳುತ್ತಿದೆ. ನೆಲ ಎದ್ದು ಬಂದರು ಆಳವಿಲ್ಲದಂತಾಗಿ, 1649ರಲ್ಲಿ ಲುಲಿಯೊ ಎಂಬ ಊರನ್ನು ಸಮುದ್ರದ ಹತ್ತಿರಕ್ಕೆ ಸ್ಥಳಾಂತರಿಸಬೇಕಾಯಿತು.

ಭಾರ ಇಳಿದರೆ ನೆಲ ಏಳುತ್ತದೆ. ಹಿಮ ಕರಗಿದರೂ ಸರಿ, ಬೆಟ್ಟ ಸವೆದರೂ ಸರಿ. ಮನೆಯಲ್ಲೇ ಇದನ್ನು ನೋಡಬಹುದು. ಬಡಗಿಯ ಹತ್ತಿರ ಒಂದೇ ಜಾತಿ ಮರದ, ಅಂಗೈ ಅಗಲದ, 2 ಸೆಂಟಿಮೀಟರ್ ದಪ್ಪದ ಮೂರು ಹಲಗೆ ತುಂಡುಗಳನ್ನು ಕೇಳಿ ತರಬೇಕು. (ಅಗಲ ಕಡಿಮೆಯಾದರೆ ಮಗುಚಿಕೊಳ್ಳುತ್ತವೆ.) ಒಂದರ ಮೇಲೊಂದಿಟ್ಟು ನೀರು ತುಂಬಿದ ಟಬ್ಬಿನಲ್ಲಿ ತೇಲಿಬಿಟ್ಟು, ನೀರಿನಿಂದ ಎಷ್ಟು ಮೇಲಿದೆ ಎಂದು ಅಳೆಯಬೇಕು. ಮರದ ಸಾಂದ್ರತೆ ನೀರಿನ ಹತ್ತರಲ್ಲಿ ಏಳರಷ್ಟಿದ್ದರೆ 6 ಸೆಂಟಿಮೀಟರಿನ ರಾಶಿಯಲ್ಲಿ 1.8 ಸೆಂಟಿಮೀಟರ್ ಮೇಲೆ ಕಾಣುತ್ತದೆ. ಈಗ ಮೇಲಿನ ಹಲಗೆ ತೆಗೆಯಿರಿ. ತೆಗೆದದ್ದು 2 ಸೆಂಟಿಮೀಟರ್. ಇದ್ದದ್ದೇ 1.8. ಲೆಕ್ಕದಂತೆ ಬೆಟ್ಟ ಪೂರ್ತಿ ಮಾಯವಾಗಬೇಕಿತ್ತು. ಆದರೆ ಉಳಿದ ಹಲಗೆಗಳು ಮೇಲೆದ್ದು 1.2 ಸೆಂಟಿಮೀಟರ್ ಇನ್ನೂ ಕಾಣುತ್ತಲೇ ಇರುತ್ತದೆ! ಎರಡು ಸೆಂಟಿಮೀಟರ್ ಕಳೆದುಕೊಂಡರೂ ಕುಗ್ಗಿದ್ದು ಬರೀ 0.6.

ನಿಜವಾದ ಬೆಟ್ಟದಲ್ಲಿ ಈ ಹೊಂದಾಣಿಕೆ ಇನ್ನೂ ಹೆಚ್ಚು. ತೊಗಟೆಯ ಬಂಡೆಯ ಸಾಂದ್ರತೆ ಸುಮಾರು 2.7, ಮ್ಯಾಂಟಲ್‌ನದು ಸುಮಾರು 3.3. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.82. ಅಂದರೆ ಪರ್ವತ ಪ್ರದೇಶದ ಮೇಲಿಂದ ಸಮನಾಗಿ 100 ಮೀಟರ್ ಬಂಡೆ ಸವೆದುಹೋದರೆ ಕೆಳಗಿನಿಂದ 82 ಮೀಟರ್ ಮೇಲೆ ಬರುತ್ತದೆ. ನಿಜವಾಗಿ ತಗ್ಗುವುದು 18 ಮೀಟರ್. ಸರಾಸರಿ ಎತ್ತರ ಒಂದು ಕಿಲೋಮೀಟರ್ ಇಳಿಯಬೇಕಾದರೆ ಐದೂವರೆ ಕಿಲೋಮೀಟರ್ ಬಂಡೆ ಸವೆಯಬೇಕು. ಡಿಕ್ಕಿ ಪೂರ್ತಿ ನಿಂತ ಮೇಲೂ ಬೆಟ್ಟಗಳು ಕೋಟಿ ಕೋಟಿ ವರ್ಷ ಬಾಳುವ ಗುಟ್ಟು ಇದು.

ಆದರೆ ಬೆಟ್ಟಗಳು ಸಮನಾಗಿ ಸವೆಯುವುದಿಲ್ಲ ಎಂಬುದರಲ್ಲೇ ಇನ್ನೂ ಸ್ವಾರಸ್ಯವಿದೆ. ನದಿ ಕಣಿವೆಯನ್ನು ಕೊರೆಯುತ್ತದೆ, ಶಿಖರವನ್ನಲ್ಲ. ಕಣಿವೆಗಳಿಂದ ಬಂಡೆ ಹೋಗಿ ಇಡೀ ಪ್ರದೇಶ ಹಗುರವಾದಾಗ ಇಡೀ ಪ್ರದೇಶವೇ ಮೇಲೇಳುತ್ತದೆ. ಸವೆಯದೆ ನಿಂತ ಶಿಖರಗಳೂ ಅದರ ಜೊತೆಗೇ ಏರುತ್ತವೆ. ಸರಾಸರಿ ಎತ್ತರ ತಗ್ಗುತ್ತದೆ, ಶಿಖರದ ಎತ್ತರ ಹೆಚ್ಚುತ್ತದೆ! ಮೊದಲ ಸಲ ಓದಿದಾಗ ಇದು ಚಮತ್ಕಾರದ ಮಾತಿನಂತೆ ಕಾಣುವುದು ಸಹಜ. ಮೂರು ಹಲಗೆಗಳ ಪ್ರಯೋಗದಲ್ಲಿ ಮೇಲಿನ ಹಲಗೆಯ ನಡುಭಾಗವನ್ನಷ್ಟೇ ಕತ್ತರಿಸಿ ತೆಗೆದು, ಎರಡು ಅಂಚುಗಳನ್ನು ಬಿಟ್ಟರೆ ಅರ್ಥವಾದೀತು. ಅಂಚುಗಳು ಮೊದಲಿಗಿಂತ ಎತ್ತರದಲ್ಲಿ ನಿಲ್ಲುತ್ತವೆ.

ಈ ವಿಚಾರವನ್ನು ಹಿಮಾಲಯಕ್ಕೆ ಅನ್ವಯಿಸಿದವರಲ್ಲಿ ಲಾರೆನ್ಸ್ ವೇಜರ್ ಮೊದಲಿಗ. ಭೂವಿಜ್ಞಾನಿ ಮತ್ತು ಪರ್ವತಾರೋಹಿ. 1933ರ ಎವರೆಸ್ಟ್ ಯಾತ್ರೆಯಲ್ಲಿ ಇದ್ದವನು. ಅವನ ಕಣ್ಣಿಗೆ ಬಿದ್ದದ್ದು ಅರುಣ್ ನದಿ. ಟಿಬೆಟ್ಟಿನಲ್ಲಿ ಎವರೆಸ್ಟಿನ ಹಿಂಬದಿಯಲ್ಲಿ ಪೂರ್ವಕ್ಕೆ ಹರಿದು, ಥಟ್ಟನೆ ದಕ್ಷಿಣಕ್ಕೆ ತಿರುಗಿ, ಪರ್ವತಶ್ರೇಣಿಯನ್ನೇ ಸೀಳಿಕೊಂಡು ನೇಪಾಳಕ್ಕೆ ಇಳಿಯುವ ನದಿ ಇದು. ಇಂಥ ನದಿಗಳು ಕೊರೆದ ಆಳವಾದ ಕಮರಿಗಳಿಂದ ಭಾರ ಇಳಿದು ಅಕ್ಕಪಕ್ಕದ ಮಹಾಶಿಖರಗಳು ಎದ್ದಿವೆ ಎಂದು 1937ರಲ್ಲಿ ಅವನು ಬರೆದ. 2024ರ ಸೆಪ್ಟೆಂಬರಿನಲ್ಲಿ ಚೀನಾ ಮತ್ತು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ಅದೇ ಅರುಣ್ ನದಿಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಿದರು. ಸುಮಾರು 89,000 ವರ್ಷಗಳ ಹಿಂದೆ ಅರುಣ್ ಇನ್ನೊಂದು ನದಿಯ ನೀರನ್ನು ತನ್ನೊಳಗೆ ಸೆಳೆದುಕೊಂಡು ಬಲಿತು, ಕಮರಿಯನ್ನು ಆಳವಾಗಿ ಕೊರೆಯಿತು. ಅದರಿಂದ ಎವರೆಸ್ಟ್ 15ರಿಂದ 50 ಮೀಟರಿನಷ್ಟು ಹೆಚ್ಚು ಎತ್ತರವಾಯಿತು ಎಂಬುದು ಅವರ ಅಂದಾಜು. ಲೆಕ್ಕದಲ್ಲಿ ಅನಿಶ್ಚಿತತೆ ಉಂಟೆಂದು ಹೇಳುವ ಭೂವಿಜ್ಞಾನಿಗಳೂ ಇದ್ದಾರೆ. ಎಂಟೂಮುಕ್ಕಾಲು ಕಿಲೋಮೀಟರಿನಲ್ಲಿ ಐವತ್ತು ಮೀಟರ್ ದೊಡ್ಡದಲ್ಲ. ಎವರೆಸ್ಟನ್ನು ಎತ್ತಿದ್ದು ಮುಖ್ಯವಾಗಿ ಡಿಕ್ಕಿಯೇ. ಪತ್ರಿಕೆಗಳ ತಲೆಬರಹ ಓದಿ ನದಿಯೇ ಎವರೆಸ್ಟನ್ನು ಕಟ್ಟಿತು ಎಂದುಕೊಳ್ಳಬೇಕಾಗಿಲ್ಲ.

ಇನ್ನು ಬಯಲಿನ ಸರದಿ. ಬೆಟ್ಟದ ಮುಂದೆ ಅಷ್ಟು ವಿಶಾಲವಾದ ಗಂಗಾ ಬಯಲು ಏಕಿದೆ? ಉದ್ದನೆಯ ಹಲಗೆಯ ತುದಿಯಲ್ಲಿ ದಪ್ಪ ಮನುಷ್ಯ ಕೂತರೆ ಹಲಗೆ ಬಾಗುವಂತೆ, ಹಿಮಾಲಯದ ರಾಶಿ ಮೇಲೆ ಕೂತು ಭಾರತದ ಭೂಫಲಕ ಕೆಳಕ್ಕೆ ಬಾಗಿದೆ. ಹಾಗಾಗಿ ಬೆಟ್ಟದ ಬುಡದುದ್ದಕ್ಕೂ ಒಂದು ಮಹಾ ಹೊಂಡ. ಆ ಹೊಂಡವನ್ನು ತುಂಬಿದ್ದು ಬೆಟ್ಟದಿಂದಲೇ ಇಳಿದ ಮಣ್ಣು. ಬಯಲು ಎಷ್ಟು ಸಪಾಟಾಗಿ ಕಂಡರೂ ಬೆಟ್ಟದ ಹತ್ತಿರ ಕೆಲವೆಡೆ ಐದು ಕಿಲೋಮೀಟರಿಗೂ ಹೆಚ್ಚು ಕೊರೆದರೇನೇ ತಳದ ಗಟ್ಟಿ ಬಂಡೆ ಸಿಗುವುದು. ಅಲ್ಲೂ ಹಿಡಿಸದೆ ಮಿಕ್ಕಿದ್ದು ಬಂಗಾಳ ಕೊಲ್ಲಿಗೆ ಹೋಗಿದೆ. ಕೊಲ್ಲಿಯ ತಳದಲ್ಲಿ ಬೀಸಣಿಗೆಯಂತೆ ಹರಡಿರುವ ಹಿಮಾಲಯದ ಮಣ್ಣು ಸುಮಾರು 3000 ಕಿಲೋಮೀಟರ್ ಉದ್ದ, ಶ್ರೀಲಂಕೆಯನ್ನೂ ದಾಟಿ ದಕ್ಷಿಣಕ್ಕೆ ಹೋಗುತ್ತದೆ.

ಬಯಲೂ ಸುಮ್ಮನೆ ಬಯಲಾಗಿ ಉಳಿಯುವುದಿಲ್ಲ. ಹರಿದ್ವಾರದಲ್ಲಿ ಗಂಗೆ ಬಯಲಿಗಿಳಿಯುವ ಮುನ್ನ ದಾಟುವ ಕೊನೆಯ ಬೆಟ್ಟಸಾಲು ಶಿವಾಲಿಕ್. ಅದರ ಕಲ್ಲನ್ನು ಹತ್ತಿರದಿಂದ ನೋಡಿದರೆ ನದಿಯ ಮರಳು, ಉರುಟು ಕಲ್ಲು, ಕೆಸರು. ಒಂದು ಕಾಲದ ಬಯಲನ್ನೇ ಭೂಫಲಕದ ಒತ್ತಡ ಮಡಿಚಿ ಬೆಟ್ಟ ಮಾಡಿದೆ! ಆ ಹಳೆಯ ಬಯಲಿನಲ್ಲಿ ಮೇಯುತ್ತಿದ್ದ ಪ್ರಾಣಿಗಳ ಮೂಳೆಗಳು ಅಲ್ಲಿ ಹೇರಳ. ಗಂಗಾ ಕಾಲುವೆಯ ಎಂಜಿನಿಯರಾಗಿ ಹೆಸರಾದ ಪ್ರೋಬಿ ಕಾಟ್ಲಿ ಮತ್ತು ಅವನ ಗೆಳೆಯ ಹ್ಯೂ ಫಾಲ್ಕನರ್, ಜಿರಾಫೆಯ ಬಳಗದ ಒಂದು ದೈತ್ಯ ಪ್ರಾಣಿಯನ್ನು ಇಲ್ಲಿಯ ಪಳೆಯುಳಿಕೆಯಿಂದ ಗುರುತಿಸಿ 1836ರಲ್ಲಿ ಶಿವಥೀರಿಯಂ ಎಂದು ಹೆಸರಿಟ್ಟರು. ಹಿಮಾಚಲದ ನಾಹನ್ ಬಳಿಯ ಸುಕೇತಿ ಪಳೆಯುಳಿಕೆ ಉದ್ಯಾನದಲ್ಲಿ ಇಂಥ ಪ್ರಾಣಿಗಳ ಮಾದರಿಗಳನ್ನು ನಿಲ್ಲಿಸಿದ್ದಾರೆ. ಆ ಕಡೆ ಪ್ರವಾಸ ಹೋಗುವ ಕುಟುಂಬಗಳು ಮಕ್ಕಳಿಗೆ ತೋರಿಸಬಹುದಾದ ಜಾಗ.

ಇದುವರೆಗೆ ಹೇಳಿದ್ದೆಲ್ಲ ಮಿಲಿಮೀಟರಿನ ಲೆಕ್ಕ. ಬೆಟ್ಟ ಮಾತ್ರ ಹಾಗೆ ಮಿಲಿಮೀಟರ್ ಮಿಲಿಮೀಟರಾಗಿ ಶಾಂತವಾಗಿ ಏರುವುದಿಲ್ಲ. ಒತ್ತಡ ನೂರಾರು ವರ್ಷ ಕೂಡಿಕೊಂಡು ಒಂದು ದಿನ ಬಿಡುಗಡೆಯಾಗುತ್ತದೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ಪ್ರಮಾಣದ ಭೂಕಂಪವಾದಾಗ ಕಾಠ್ಮಂಡು ಕಣಿವೆ ಒಂದು ನಿಮಿಷವೂ ಹಿಡಿಯದೆ ಸುಮಾರು ಒಂದು ಮೀಟರ್ ಮೇಲೆದ್ದಿತು. ಅದರ ಉತ್ತರಕ್ಕಿದ್ದ ಎತ್ತರದ ಪರ್ವತಗಳು ಅರ್ಧ ಮೀಟರಿಗೂ ಹೆಚ್ಚು ಕುಸಿದವು. ಸುಮಾರು ಒಂಬತ್ತು ಸಾವಿರ ಜನ ಸತ್ತರು. ಸಾವಿರಾರು ಕಡೆ ಗುಡ್ಡ ಜರುಗಿತು. ಲಾಂಗ್ಟಾಂಗ್ ಎಂಬ ಹಳ್ಳಿ ಹಿಮ, ಬಂಡೆಗಳಡಿ ಮುಚ್ಚಿಹೋಯಿತು. ಬೆಟ್ಟವನ್ನು ಎತ್ತುವ ಭೂಕಂಪವೇ ಬೆಟ್ಟವನ್ನು ಒಡೆದು ನದಿಗೆ ಹಾಕುತ್ತದೆ. 1950ರ ಆಗಸ್ಟ್ 15ರಂದು, ದೇಶ ಸ್ವಾತಂತ್ರ್ಯ ದಿನ ಆಚರಿಸುತ್ತಿದ್ದಾಗ, ಅಸ್ಸಾಮಿನ ಗಡಿಯಾಚೆ 8.6 ಪ್ರಮಾಣದ ಭೂಕಂಪವಾಯಿತು. ಅಂದು ಜರುಗಿದ ಗುಡ್ಡಗಳ ಮಣ್ಣು ಮುಂದಿನ ವರ್ಷಗಳಲ್ಲಿ ಇಳಿದು ಬಂದು, ದಿಬ್ರುಗಢದ ಬಳಿ ಬ್ರಹ್ಮಪುತ್ರದ ಪಾತ್ರವೇ ಸುಮಾರು 3 ಮೀಟರ್ ಮೇಲೆದ್ದಿತು. ಪಾತ್ರ ಮೇಲೆದ್ದರೆ ನೀರು ಹೋಗುವುದೆಲ್ಲಿಗೆ? ದಡದ ಮೇಲಕ್ಕೆ, ಊರಿಗೆ.

ಬಂಡೆ ಜರುಗಲು ಭೂಕಂಪವೇ ಬೇಕೆಂದೇನೂ ಇಲ್ಲ. 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿ ಜಿಲ್ಲೆಯ ರೊಂಟಿ ಶಿಖರದಿಂದ ಸುಮಾರು 2 ಕೋಟಿ 70 ಲಕ್ಷ ಘನ ಮೀಟರ್ ಬಂಡೆ ಮತ್ತು ಹಿಮ ಒಮ್ಮೆಲೇ ಕಳಚಿ ಬಿತ್ತು. ಕೆಳಗೆ ಕಟ್ಟುತ್ತಿದ್ದ ಜಲವಿದ್ಯುತ್ ಯೋಜನೆಗಳ ಕಾರ್ಮಿಕರೂ ಸೇರಿ 200ಕ್ಕೂ ಹೆಚ್ಚು ಜನ ಸತ್ತರು, ಕಾಣೆಯಾದರು. ಅದೇ ಜಿಲ್ಲೆಯ ಜೋಶಿಮಠದ ಮನೆಗಳು 2023ರ ಜನವರಿಯಲ್ಲಿ ಬಿರುಕುಬಿಟ್ಟವು. ಆ ಊರು ನಿಂತಿರುವುದೇ ಹಳೆಯ ಭೂಕುಸಿತದ ಮಣ್ಣಿನ ಮೇಲೆ ಎಂದು 1976ರ ಮಿಶ್ರಾ ಸಮಿತಿ ಹೇಳಿ, ಭಾರಿ ಕಟ್ಟಡಗಳಿಗೆ ಕಡಿವಾಣ ಬೇಕೆಂದು ಎಚ್ಚರಿಸಿತ್ತು. ಆಮೇಲೂ ಅಲ್ಲಿ ಕಟ್ಟಡಗಳು ಏಳುತ್ತಲೇ ಹೋದವು.

ಬಯಲಿನವರ ಪಾಡು ಬೇರೆ ಬಗೆಯದು. ಅರುಣ್ ನದಿ ನೇಪಾಳದಲ್ಲಿ ಸುನ್ ಕೋಸಿ, ತಮುರ್ ನದಿಗಳನ್ನು ಕೂಡಿಕೊಂಡು ಕೋಸಿಯಾಗಿ ಬಿಹಾರಕ್ಕೆ ಇಳಿಯುತ್ತದೆ. ಇಳಿಜಾರು ಮುಗಿದೊಡನೆ ನದಿಯ ಕಸುವು ಇಳಿದು ಹೊರೆ ಅಲ್ಲೇ ಬೀಳುತ್ತದೆ. ತನ್ನ ಪಾತ್ರವನ್ನು ತಾನೇ ತುಂಬಿಸಿಕೊಂಡ ನದಿ ಪಕ್ಕದ ತಗ್ಗಿಗೆ ಹೊರಳುತ್ತದೆ. ಹೀಗೆ ಹೊರಳುತ್ತ ಹೊರಳುತ್ತ ಕೋಸಿ ಎರಡು ಶತಮಾನಗಳಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಸರಿದಿತ್ತು. 1950ರ ದಶಕದಲ್ಲಿ ಎರಡೂ ಬದಿಗೆ ಮಣ್ಣಿನ ಒಡ್ಡು ಕಟ್ಟಿ ಅದನ್ನು ನಿಲ್ಲಿಸಿದರು. ನೀರನ್ನು ನಿಲ್ಲಿಸಬಹುದು, ಮಣ್ಣನ್ನು? ಮೊದಲು ಹತ್ತಾರು ಮೈಲಿ ಹರಡಿಕೊಳ್ಳುತ್ತಿದ್ದ ಹೂಳು ಒಡ್ಡುಗಳ ನಡುವೆಯೇ ಕೂತಿತು. ವರ್ಷ ಕಳೆದಂತೆ ನದಿಯ ಪಾತ್ರ ಹೊರಗಿನ ಹೊಲಗಳಿಗಿಂತ ಎತ್ತರವಾಯಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಾಹಾ ಬಳಿ ಪೂರ್ವದ ಒಡ್ಡು ಒಡೆಯಿತು. ಅಂದು ನದಿಯಲ್ಲಿ ದಾಖಲೆಯ ಪ್ರವಾಹವೇನೂ ಇರಲಿಲ್ಲ. ಆದರೂ ಕೋಸಿ ತಾನು ಎಂದೋ ಬಿಟ್ಟುಬಂದಿದ್ದ ಹಳೆಯ ದಾರಿ ಹಿಡಿದು, ಸುಮಾರು 120 ಕಿಲೋಮೀಟರ್ ಪೂರ್ವಕ್ಕೆ ಹೊರಳಿತು. ಆ ದಾರಿಯಲ್ಲಿ ಆಗ ಊರುಗಳಿದ್ದವು. ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಸಂಕಟಕ್ಕೀಡಾದರು.

ಒಡೆದ ಒಡ್ಡನ್ನು 2009ರ ಆರಂಭದಲ್ಲಿ ಮುಚ್ಚಿ ನದಿಯನ್ನು ಮತ್ತೆ ಒಡ್ಡುಗಳ ನಡುವೆ ತಂದರು. 2024ರ ಸೆಪ್ಟೆಂಬರ್ 28ರಂದು ಕೋಸಿ ಬ್ಯಾರೇಜಿನಿಂದ 6.61 ಲಕ್ಷ ಕ್ಯೂಸೆಕ್ಸ್ ನೀರು ಬಿಡಬೇಕಾಯಿತು. 56 ವರ್ಷಗಳಲ್ಲೇ ಅದು ಅತಿ ಹೆಚ್ಚು. ಬಿಹಾರದಲ್ಲಿ ಹಲವು ಕಡೆ ಒಡ್ಡುಗಳು ಒಡೆದವು. 2008ರಲ್ಲಿ ನೀರು ಇಳಿದ ಮೇಲೆ ಸುಪೌಲ್, ಮಧೇಪುರ ಜಿಲ್ಲೆಗಳ ರೈತರು ಮರಳಿ ಬಂದಾಗ ಎಷ್ಟೋ ಹೊಲಗಳಲ್ಲಿ ಹಳೆಯ ಮಣ್ಣು ಕಾಣುತ್ತಿರಲಿಲ್ಲ. ಬೆಟ್ಟದಿಂದ ಬಂದ ಮರಳು ಅವುಗಳ ಮೇಲೆ ದಪ್ಪಗೆ ಕೂತಿತ್ತು.